ಪನ್ನೀರ ಗಿಡಕ್ಕೆ ಕತ್ತರಿ ಹಿಡಿದವನು

ಐದು ಹೊತ್ತಿನ ಪ್ರಾರ್ಥನೆಯಲ್ಲಿ ಒಂದನ್ನೂ ತಪ್ಪಿಸದವನು, ಮತ್ತು ಪ್ರತಿಯೊಂದು ಮುಗಿದೊಡನೆ ಪಕ್ಕದವನು ಮಂಡಿಯೂರಿದ ರೀತಿಯನ್ನು ತಿದ್ದದೆ ಏಳದವನು; ಬೀದಿಯಲ್ಲಿ ಹಿತ್ತಿಲುಳ್ಳ ಮನೆಗಳಿಗೆಲ್ಲ ಕರೆಯದೆ ಹೋಗಿ ಉಪಕಾರ ಮಾಡುವವನು; ನೋಡುವ ಕಣ್ಣುಗಳಿಲ್ಲದಾಗ ಗಿಡಕ್ಕೊಂದು ಚೊಂಬು ನೀರನ್ನೂ ಹೊಯ್ಯದವನು; ಎಂಬತ್ತು ಪುಟದ ತೋಟಗಾರಿಕೆ ಕೈಪಿಡಿಯಲ್ಲಿ ಮೊದಲ ನಲವತ್ತನ್ನು ಕಂಠಪಾಠ ಮಾಡಿ, ಮಿಕ್ಕ ನಲವತ್ತನ್ನು ಸ್ವಬುದ್ಧಿಯಿಂದ ಊಹಿಸಿಕೊಂಡ ಧೀಮಂತ; ಪರರ ಮಾತಿನ ಪೂರ್ವಾರ್ಧ ಕಿವಿಗೆ ಬಿದ್ದೊಡನೆ ಉತ್ತರಾರ್ಧವನ್ನು ತಾನೇ ರಚಿಸಬಲ್ಲ ಪ್ರತಿಭಾಶಾಲಿ; ಗಿಡ ಮುತ್ತುವ ಹಸಿರು ಹೇನುಗಳ ಕುಲಕ್ಕೆ ಕಾಲಾಂತಕ; ತಾಯಿ ಬದುಕಿರುವ ತನಕ ತಾಯಿಯ ಮಾತು ಮೀರದ ಸುಪುತ್ರ: ಇಷ್ಟು ಗುಣಗಳನ್ನು ಒಂದೇ ದೇಹದಲ್ಲಿ ಹೊತ್ತು, ಸೊಂಟದಲ್ಲಿ ಚರ್ಮದ ಒರೆಯ ಕತ್ತರಿಯೊಂದನ್ನು ಖಡ್ಗದಂತೆ ತೂಗಿಸಿಕೊಂಡು, ಕಾನ್‌ಸ್ಟಾಂಟೀನ್ ನಗರದ ಸೀದಿ ಮಬ್ರೂಕ್ ಬಡಾವಣೆಯಲ್ಲಿ ಸಂಚರಿಸುವ ಪುರುಷನ ಹೆಸರು ಅಲ್ಲಾವಾ ಬೂದ್ರಾ. ಹೆಂಗಸರನ್ನು ಲಲ್ಲಾ ಎನ್ನುವಂತೆ ನಾವು ಅವನನ್ನು ಸಿ ಅಲ್ಲಾವಾ ಎಂದು ಗೌರವಿಸಿಯೇ ಕರೆಯುತ್ತೇವೆ. ಆ ಗೌರವ ನಮ್ಮ ನಾಲಿಗೆಯ ಅಭ್ಯಾಸವೇ ಹೊರತು ಅವನ ಸಂಪಾದನೆಯಲ್ಲ.

ಅಲ್ಜೀರಿಯಾದ ರೈಲ್ವೆಯ ಸರಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಮುದ್ರೆ ಒತ್ತಿ ಅವನು ನಿವೃತ್ತನಾದನು. ಮುದ್ರೆ ಒತ್ತಿದ ಕೈಗೆ ಸುಮ್ಮನಿರಲು ಬರುವುದಿಲ್ಲ. ಮೊದಲ ತಿಂಗಳು ಹೆಂಡತಿ ಲಲ್ಲಾ ಘನಿಯಾಳ ಅಡಿಗೆಮನೆಯನ್ನು ತಿದ್ದಲು ಹೋದನು. ಆಕೆ ಕುಸ್‌ಕುಸ್ ಜರಡಿಯನ್ನೇ ಎತ್ತಿ ತೋರಿಸಿದ ಮೇಲೆ ಅವನ ವಿದ್ಯೆ ಹಿತ್ತಿಲ ಕಡೆಗೆ ತಿರುಗಿತು.

ಆ ಹಿತ್ತಿಲಿನಲ್ಲಿ, ಮಳೆನೀರಿನ ತೊಟ್ಟಿಯ ಪಕ್ಕ, ಒಂದು ಪನ್ನೀರ ಗುಲಾಬಿಯ ಪೊದೆಯಿತ್ತು. ಅವನ ತಾಯಿ ಲಲ್ಲಾ ರುಕಿಯಾ ಮದುವಣಗಿತ್ತಿಯಾಗಿ ಬರುವಾಗ ತವರಿನಿಂದ ತಂದು ನೆಟ್ಟದ್ದು. ಆಳೆತ್ತರ ಬೆಳೆದು, ಒಂದು ಕೋಣೆಯಷ್ಟು ಅಗಲಕ್ಕೆ ಹಬ್ಬಿತ್ತು. ಹೂವು ಸಣ್ಣದು, ಮಾಸಿದ ನಸುಗೆಂಪು. ವರ್ಷಕ್ಕೊಮ್ಮೆ ಮೂರು ವಾರ ಅರಳಿ ಸುಮ್ಮನಾಗುವಂಥದ್ದು. ಆ ಮೂರು ವಾರಗಳಲ್ಲಿ ಅಟ್ಟದಿಂದ ಪನ್ನೀರು ತೆಗೆಯುವ ತಾಮ್ರದ ಭಟ್ಟಿ ಇಳಿಯುತ್ತಿತ್ತು, ದೇವರ ಹೆಸರು ಹೇಳಿ ಒಲೆ ಹೊತ್ತಿಸುತ್ತಿದ್ದರು, ರವೆ ಜೇನುತುಪ್ಪ ಬೆರೆಸಿದ ತಮೀನಾ ಹಂಚುತ್ತಿದ್ದರು. ಮೊದಲ ಹನಿ ಇಳಿದಾಗ ಬೀದಿಯ ತುದಿಯವರೆಗೂ ಸುವಾಸನೆ ಹರಡುತ್ತಿತ್ತು. ಲಲ್ಲಾ ರುಕಿಯಾ ಆ ಗಿಡಕ್ಕೆ ಮಾಡಿದ ಆರೈಕೆಯೆಂದರೆ ಕಾಫಿಯ ಗಸಿ ಮತ್ತು ಪಾತ್ರೆ ತೊಳೆದ ನೀರು. ಕತ್ತರಿ ಮುಟ್ಟಿಸಿದವಳಲ್ಲ. ಆದರೆ ಮನೆಯ ಹೆಣ್ಣುಮಗಳೊಬ್ಬಳು ಗಂಡನ ಮನೆಗೆ ಹೊರಟಾಗ ಬುಡದಲ್ಲಿ ಎದ್ದ ಒಂದು ಮರಿಯನ್ನು ಬೇರುಸಮೇತ ಅಗೆದು ಅವಳ ಮಡಿಲಿಗಿಡುತ್ತಿದ್ದಳು. ಅಲ್ಲಾವಾನ ಅಕ್ಕ ತೂನೆಸ್ ಹೀಗೆ ಒಯ್ದ ಮರಿ, ನಗರದ ಕೆಳಗೆ ಹಮ್ಮಾದ ತೋಟದಲ್ಲಿ ಈಗ ಉದ್ದನೆಯ ಬೇಲಿಯೇ ಆಗಿದೆ. ಅಲ್ಲಾವಾನ ಮಗಳು ಶಾಫಿಯಾಗೂ ಅಜ್ಜಿ ಮಾತು ಕೊಟ್ಟಿದ್ದಳು: "ನಿನ್ನ ಮರಿ ಬುಡದಲ್ಲೇ ಇದೆ ಕಣೇ, ನೀನು ಹೊರಡೋ ದಿನ ಎತ್ತಿ ಕೊಡ್ತೀನಿ." ಆ ದಿನ ಬರುವ ಮೊದಲೇ ಆಕೆ ತೀರಿಕೊಂಡಳು. ಅಲ್ಲಾವಾ ನಿವೃತ್ತನಾದದ್ದು ಅದರ ಮರುವರ್ಷ.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಅವನು ಸಸಿತೋಟಕ್ಕೆ ಹೋದನು. ಗುಲಾಬಿ ಕೊಳ್ಳುವವರು ಚಳಿಗಾಲದಲ್ಲಿ, ಎಲೆಯಿಲ್ಲದ ಬರಿಬೇರಿನ ಗಿಡ ನೋಡಿ ಕೊಳ್ಳುತ್ತಾರೆ. ನೋಡುವುದು ಬೇರಿನ ಕವಲು, ಕಾಂಡದ ದಪ್ಪ, ಕಸಿಯ ಗಂಟಿನ ಗಟ್ಟಿತನ. ಅಲ್ಲಾವಾ ಹೂಬಿಟ್ಟ ಕುಂಡಗಳ ಸಾಲಿನಲ್ಲಿ ನಿಂತು, ತಲೆಯಷ್ಟು ದಪ್ಪದ ಕೆಂಪು ಹೂಗಳನ್ನು ಗೇಣಿನಲ್ಲಿ ಅಳೆಯತೊಡಗಿದನು. ಸಸಿತೋಟದ ಮುದುಕ ಲಯಾಶಿ ಬಂದು ನಿಂತನು.

"ಹೂ ನೋಡಿ ತಗೋಬೇಡಿ ಸಿ ಅಲ್ಲಾವಾ. ಇವತ್ತಿನ ಹೂ ನಾಳಿದ್ದು ಉದುರುತ್ತೆ. ಬುಡ ನೋಡಿ."

"ಬುಡ ನನಗೇನು ಊಟಕ್ಕಾ? ಇದರ ಹೆಸರೇನು?"

"ಚೀಟೀಲಿ ಬರೆದಿದೆ, ಯಾವುದೋ ಫ್ರೆಂಚ್ ದೊರೆಸಾನಿ ಹೆಸರು. ಮೂಸಿ ನೋಡಿ, ವಾಸನೆ ಇಲ್ಲ."

"ಕಣ್ಣಿಗೆ ಅಲ್ವೇನಯ್ಯ ಹೂವು? ಮೂಗಿಗೆ ಬೇಕಾದ್ರೆ ನಾನು ಕಾಫಿ ಕುಡೀತೀನಿ. ಹನ್ನೆರಡು ಕೊಡು."

ಲಯಾಶಿ ನಿಟ್ಟುಸಿರಿಟ್ಟು ಹನ್ನೆರಡು ಕುಂಡಗಳನ್ನು ಗಾಡಿಗೆ ಏರಿಸಿದನು. ವ್ಯಾಪಾರಿಯಾದರೂ ಧರ್ಮಭೀರು. ಕೊನೆಗೆ ಒಂದು ಕುಂಡದ ಮಣ್ಣನ್ನು ಬೆರಳಿನಿಂದ ಸರಿಸಿ ತೋರಿಸಿದನು:

"ಇಲ್ಲಿ ನೋಡಿ, ಇದು ಕಸಿಯ ಗಂಟು. ಇದರ ಕೆಳಗೆ ಇರೋದು ಕಾಡುಗುಲಾಬಿ ಬೇರು. ಅಲ್ಲಿಂದ ಏನೇ ಚಿಗುರು ಬಂದ್ರೂ ಕನಿಕರ ಬೇಡ, ಬುಡಸಮೇತ ಕಿತ್ತುಹಾಕಿ. ಬಿಟ್ರೆ ಕಾಡುಗಿಡ ಎದ್ದು ಒಳ್ಳೆ ಗಿಡಾನ ನುಂಗಿಬಿಡುತ್ತೆ. ಆದರೆ ಕಸಿ ಮಾಡದೆ ಸ್ವಂತ ಬೇರಿನ ಮೇಲೆ ಬೆಳೆದ ಗಿಡ ಇದ್ರೆ..."

"ಗೊತ್ತಾಯ್ತು, ಗೊತ್ತಾಯ್ತು!" ಎಂದು ಅಲ್ಲಾವಾ ಆಗಲೇ ಗಾಡಿಯವನ ಪಕ್ಕ ಕುಳಿತಿದ್ದನು. "ಬುಡಚಿಗುರು ಅಂದ್ರೆ ಕಾಡು. ಕೀಳಬೇಕು. ಇಷ್ಟು ಹೇಳೋಕೆ ಎಷ್ಟು ಹೊತ್ತಯ್ಯ ನಿನಗೆ!"

ಲಯಾಶಿಯ ವಾಕ್ಯದ ಮಿಕ್ಕರ್ಧ ಸಸಿತೋಟದ ಗಾಳಿಯಲ್ಲಿ ಉಳಿಯಿತು.

ಹನ್ನೆರಡು ದೊರೆಸಾನಿಯರು ಹಿತ್ತಿಲಿನಲ್ಲಿ ಎರಡು ಸಾಲಾಗಿ ನಿಂತರು. ಕೈಪಿಡಿ ಬಂತು, ಕತ್ತರಿ ಬಂತು, ಅದಕ್ಕೆ ಚರ್ಮದ ಒರೆ ಬಂತು. ಸುಡುಬಿಸಿಲಿನಲ್ಲಿ ಎಲೆಗಳ ಮೇಲೆ ನೀರು ಹೊಯ್ದು, ಬೂದಿರೋಗ ಬರಿಸಿಕೊಂಡು, ಆ ರೋಗದ ಲಕ್ಷಣಗಳನ್ನು ಮಸೀದಿಯ ಅಂಗಳದಲ್ಲಿ ವಿವರಿಸಿದನು. ಹಸಿರು ಹೇನು ಬಂದಾಗ ನಶ್ಯದ ಹೊಗೆಸೊಪ್ಪನ್ನು ಕುದಿಸಿ ಸಿಂಪಡಿಸಿದನು. ಪಕ್ಕದ ಮನೆಯ ಲಲ್ಲಾ ಬಾಹಿಯಾಳ ಮಲ್ಲಿಗೆ ಬಳ್ಳಿಯನ್ನು ಅವಳು ಸಂತೆಗೆ ಹೋಗಿದ್ದಾಗ "ಹಗುರ" ಮಾಡಿದನು. ಎರಡು ವರ್ಷ ಅದು ಹೂಬಿಡಲಿಲ್ಲ. ಹಮ್ಮಾಕ್ಕೆ ಅಕ್ಕನ ಮನೆಗೆ ಹೋದವನು ಆಕೆಯ ಗುಲಾಬಿ ಬೇಲಿಯನ್ನು ಕಂಡು, "ಇದು ಮೇಕೆಗೆ ಹಾಕೋ ಮುಳ್ಳು. ಕಿತ್ತುಹಾಕು, ಒಳ್ಳೆ ಜಾತಿ ತಂದುಕೊಡ್ತೀನಿ" ಎಂದನು. ತೂನೆಸ್ ತನ್ನ ನಾಲ್ವರು ಗಂಡುಮಕ್ಕಳ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದು ಮುನಿದು ಬಂದವನು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಅನಂತರ ಅವನ ದೃಷ್ಟಿ ತಾಯಿಯ ಪೊದೆಯ ಮೇಲೆ ಬಿತ್ತು. ಬುಡದಿಂದ ಹತ್ತಾರು ಚಿಗುರುಗಳು ನೆಲ ಸೀಳಿ ಎದ್ದಿದ್ದವು. ಕೈಪಿಡಿಯ ಚಿತ್ರದಲ್ಲಿದ್ದ ಗಿಡಕ್ಕೆ ಮೂರೇ ಕಾಂಡಗಳಿದ್ದವು. ಅವನು ಗುದ್ದಲಿ ತಂದನು.

ಲಲ್ಲಾ ಘನಿಯಾ ಸೌಟು ಹಿಡಿದೇ ಓಡಿಬಂದಳು. "ಏನ್ರೀ ಮಾಡ್ತಿದ್ದೀರಿ? ನಿಮ್ಮಮ್ಮ ಅರವತ್ತು ವರ್ಷ ಅದಕ್ಕೆ ಕತ್ತರಿ ಮುಟ್ಟಿಸಲಿಲ್ಲ!"

"ಅದಕ್ಕೇ ಹೂವು ಅಂಗಿ ಗುಂಡಿಯಷ್ಟಿದೆ. ಇವೆಲ್ಲ ಕಾಡುಚಿಗುರು ಘನಿಯಾ, ಗಿಡದ ರಕ್ತ ಹೀರ್ತಿವೆ. ನಾನು ಅಮ್ಮನ ಗಿಡಾನ ಉಳಿಸ್ತಿದ್ದೀನಿ."

"ಶಾಫಿಯಾ ಮರಿ ಇದರಲ್ಲೇ ಇದೆಯಲ್ರೀ?"

"ಅವಳಿಗೆ ಕಾಡುಗಿಡ ಕೊಟ್ಟು ಕಳಿಸ್ತೀಯಾ? ನಮ್ಮ ಮನೆತನದ ಮರ್ಯಾದೆ ಏನಾಗಬೇಕು?"

ಕಸಿಯ ಗಿಡದಲ್ಲಿ ಬುಡಚಿಗುರು ಹಗೆ. ಆದರೆ ಸ್ವಂತ ಬೇರಿನ ಗಿಡದಲ್ಲಿ ಬುಡಚಿಗುರೇ ಮುಂದಿನ ಗಿಡ. ಹಳೆಯ ಕಾಂಡ ಐದಾರು ವರ್ಷ ಹೂಬಿಟ್ಟು ಒಣಗುತ್ತದೆ, ಮರಿ ಅದರ ಜಾಗಕ್ಕೆ ಬರುತ್ತದೆ. ಇದು ಹಮ್ಮಾದ ಕತ್ತೆಗಳಿಗೂ ತಿಳಿದ ಸಂಗತಿ. ಸಿ ಅಲ್ಲಾವಾ ಮೂರು ವಸಂತಗಳ ಕಾಲ ಒಂದು ಚಿಗುರನ್ನೂ ಬಿಡದೆ ಬೇರಿನವರೆಗೆ ಅಗೆದು ಕಿತ್ತನು. ಕಿತ್ತ ಗುಳಿಗಳಲ್ಲೆಲ್ಲ ಅಂಗಡಿಯ ಖಾರವಾದ ಗೊಬ್ಬರ ತುಂಬಿದನು. ಕಿತ್ತವನ್ನು ಒಂದೂ ಉಳಿಯದಂತೆ ಸುಟ್ಟನು. ಇಷ್ಟು ಶ್ರದ್ಧೆಯಿಂದ ಅವನು ರೈಲ್ವೆಯ ಮುದ್ರೆಯನ್ನೂ ಒತ್ತಿರಲಿಲ್ಲ.

ಮೂರನೆಯ ವಸಂತದಲ್ಲಿ ಶಾಫಿಯಾಳ ಮದುವೆ ನಿಶ್ಚಯವಾಯಿತು. ಪನ್ನೀರು ಇಳಿಸಿದ ಮರುವಾರವೇ ದಿಬ್ಬಣ. ಅಮ್ಮನ ಪೊದೆಯಲ್ಲಿ ಆಗ ಉಳಿದಿದ್ದುದು ಮೂರು ಕಾಂಡಗಳು. ಎರಡು ಸೌದೆಯಾಗಿದ್ದವು. ಮೂರನೆಯದರಲ್ಲಿ ಹನ್ನೊಂದು ಹೂಗಳಿದ್ದವು. ಭಟ್ಟಿಯ ಹೊಟ್ಟೆ ತುಂಬಲು ಮೂಟೆ ಹೂ ಬೇಕು.

"ಚಿಂತೆ ಯಾಕೆ?" ಎಂದನು ಅಲ್ಲಾವಾ. "ನನ್ನ ಹನ್ನೆರಡು ಗಿಡ ಇಲ್ವಾ? ಒಂದೊಂದು ಹೂವು ಅಮ್ಮನ ಇಪ್ಪತ್ತಕ್ಕೆ ಸಮ. ಪನ್ನೀರು ಹೊಳೆಯಾಗಿ ಹರಿಯುತ್ತೆ ನೋಡು."

ಪನ್ನೀರು ಇಳಿಸುವ ಬೆಳಗ್ಗೆ ಬೀದಿಯ ಹೆಂಗಸರು ಬಿಳಿ ವಸ್ತ್ರದಲ್ಲಿ ಬಂದು ಕುಳಿತರು. ತಮೀನಾ ಬಂತು, ಧೂಪ ಬಂತು. ತಾನೇ ಕೊಯ್ದ ಕೆಂಪು ಎಸಳುಗಳನ್ನು ಅಲ್ಲಾವಾ ಭಟ್ಟಿಗೆ ಸುರಿದನು, ಮೇಲೆ ತಾಯಿಯ ಹನ್ನೊಂದು ಹೂಗಳನ್ನು ದಾನ ಮಾಡಿದಂತೆ ಉದುರಿಸಿದನು. ನೀರು ಕುದಿಯಿತು, ಕೊಳವೆಯ ತುದಿಯಿಂದ ಮೊದಲ ಹನಿ ಸೀಸೆಗೆ ಬಿತ್ತು. ಹಿರಿಯಳೆಂದು ಲಲ್ಲಾ ಬಾಹಿಯಾಳ ಕೈಗೆ ಸೀಸೆ ಕೊಟ್ಟರು. ಆಕೆ ಕಣ್ಣುಮುಚ್ಚಿ ದೇವರನ್ನು ನೆನೆದು ಮೂಸಿದಳು. ಕಣ್ಣು ತೆರೆದಳು. ಮತ್ತೆ ಮೂಸಿದಳು.

"ಘನಿಯಾ, ಇದು ಪನ್ನೀರೋ, ಕಾಫಿ ಅಂಗಡಿ ಮುದುಕರ ಜೇಬೋ?"

ಒಬ್ಬೊಬ್ಬರಾಗಿ ಮೂಸಿದರು. ಕುದಿಸಿದ ಸೊಪ್ಪಿನ ವಾಸನೆ, ಅದರ ಹಿಂದೆ ನಶ್ಯದ ಘಾಟು. ಹೇನಿಗೆ ಹೊಡೆದ ಕಷಾಯ ಎಸಳಿನಲ್ಲಿ ಉಳಿದು ಈಗ ಆವಿಯಾಗಿ ಮೇಲೆದ್ದಿತ್ತು.

"ಇದನ್ನ ಮದುಮಗನ ಮೇಲೆ ಚಿಮುಕಿಸಿದ್ರೆ ಪಾಪ, ಸೀನ್ತಾ ಸೀನ್ತಾನೇ ಕಬೂಲ್ ಅಂತಾನೆ!"

"ಇನ್ನೂ ಒಳ್ಳೇದಾಯ್ತು ಬಿಡಿ, ಮನೆಗೆ ಹೇನು ಬರಲ್ಲ!"

"ನನ್ನ ಮಲ್ಲಿಗೆ ಶಾಪ ಕಣೇ ಇದು" ಎಂದು ಲಲ್ಲಾ ಬಾಹಿಯಾ ಎರಡು ವರ್ಷದ ಬಾಕಿಯನ್ನು ತೀರಿಸಿಕೊಂಡಳು.

ಶಾಫಿಯಾ ಮಾತ್ರ ನಗಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ, ಅಜ್ಜಿಯ ಗಿಡದ ಬುಡವನ್ನು ಕೈಯಿಂದಲೇ ಕೆದಕಿದಳು. ಮರಿ ಇರಲಿಲ್ಲ. ಬೇರನ್ನು ಮುಟ್ಟಿದರೆ ಕಪ್ಪಗೆ ಕೊಳೆತು ಬೆರಳಿಗಂಟಿತು. ಹಿಂದೆ ಬಂದು ನಿಂತಿದ್ದ ತಂದೆಗೆ ಅವಳು ಆ ಬೆರಳು ತೋರಿಸಿದಳು.

"ಬಾಬಾ, ಪನ್ನೀರು ಅಂಗಡೀಲಿ ಸಿಗುತ್ತೆ. ಅಜ್ಜಿ ಮರಿ ಯಾವ ಅಂಗಡೀಲಿ ಸಿಗುತ್ತೆ?"

"ಲಯಾಶಿ ಹತ್ರ ಹೊಸ ಜಾತಿ ಒಂದು..."

"ಹಮ್ಮಾದಲ್ಲಿ ಸಿಗುತ್ತೆ" ಎಂದಳು ಮಗಳು. "ಮರಿ ಮಡಿಲಲ್ಲಿ ಇಲ್ಲದೆ ನಾನು ದಿಬ್ಬಣದ ಕಾರು ಹತ್ತಲ್ಲ. ನಾಳೆ ತೂನೆಸ್ ಅತ್ತೆ ಮನೆಗೆ ಹೋಗೋಣ. ಕೇಳಬೇಕಾದವರು ನೀವು."

ಮರುದಿನ ತಂದೆ ಮಗಳು ಒಂದು ಡಬ್ಬಿ ಜೌಜಿಯಾ ಮಿಠಾಯಿ ಹಿಡಿದು ಹಮ್ಮಾದ ಬಸ್ಸಿನಿಂದ ಇಳಿದರು. ಬೇಲಿ ತುಂಬ ಹೂವಿತ್ತು, ಅದರ ಸುವಾಸನೆ ರಸ್ತೆಗೇ ಬಂದು ಎದುರುಗೊಂಡಿತು. ಅಂಗಳದಲ್ಲಿ ತೂನೆಸ್ ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತದೆಯೇ ಮಾತಾಡಿದಳು.

"ಯಾರಪ್ಪಾ ಇದು, ಗುಲಾಬಿ ಇಲಾಖೆ ಸಾಹೇಬರಾ? ಮೇಕೆ ಮುಳ್ಳು ಹೇಗಿದೆ ಅಂತ ತಪಾಸಣೆಗೆ ಬಂದಿರಾ?"

"ಚೆನ್ನಾಗಿದ್ದೀಯಾ ಅಕ್ಕಾ?"

"ಮೂರು ವರ್ಷ ಬಹಳ ಚೆನ್ನಾಗಿದ್ದೆ ಕಣೋ. ಇವತ್ತು ನೀನು ಬಂದಿದ್ದೀಯ, ಸಂಜೆ ಹೊತ್ತಿಗೆ ಹೇಗಿರ್ತೀನೋ. ಬಾರೇ ಶಾಫಿಯಾ, ನೀನು ಇಲ್ಲಿ ಕೂತ್ಕೋ. ಸಾಹೇಬರು ನಿಂತಿರಲಿ, ಅವರಿಗೆ ಅಭ್ಯಾಸ."

ಅಲ್ಲಾವಾ ಮಿಠಾಯಿಯ ಡಬ್ಬಿಯನ್ನು ಅವಳ ಮುಂದಿಟ್ಟನು. "ಈ ವರ್ಷ ನಮ್ಮ ಕಡೆ ಮಣ್ಣು ಸ್ವಲ್ಪ ಕೆಟ್ಟಿದೆ. ಹವಾಮಾನ ಕೂಡ..."

"ಬಾಬಾ" ಎಂದಳು ಶಾಫಿಯಾ.

"ಅಮ್ಮನ ಗಿಡ ಸತ್ತುಹೋಯ್ತು ಅಕ್ಕಾ."

ಬಟಾಣಿ ಸುಲಿಯುವ ಕೈ ನಿಂತಿತು. "ತಾನಾಗಿ ಸತ್ತಿತಾ?"

ಮಸೀದಿಯ ಅಂಗಳದಲ್ಲಿ ಗಂಟೆಗಟ್ಟಲೆ ಹರಿಯುವ ಆ ನಾಲಿಗೆ ಒಂದು ಪದಕ್ಕಾಗಿ ತಡಕಾಡಿತು. "ನಾನೇ ಕೊಂದೆ" ಎಂದನು ಕಡೆಗೆ. "ಮರಿಗಳನ್ನೆಲ್ಲ ಕಿತ್ತೆ. ಕಾಡು ಅಂದ್ಕೊಂಡೆ."

ತೂನೆಸ್ ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತದ್ದು ಗಿಡಕ್ಕೋ ತಾಯಿಗೋ ಆಕೆಗೇ ಗೊತ್ತು. ಅನಂತರ ಸೊಂಟಕ್ಕೆ ಕೈಯೂರಿ ಎದ್ದಳು.

"ಆ ಸೊಂಟದ್ದನ್ನ ಬಿಚ್ಚಿ ಮೇಜಿನ ಮೇಲಿಡು. ನನ್ನ ಬೇಲಿ ಹತ್ರ ಆಯುಧ ತರಬೇಡ. ಹೂಂ, ಈಗ ಈ ಸಲಿಕೆ ಹಿಡಿ."

ಬೇಲಿಯ ಬುಡದಲ್ಲಿ ನಿಂತು ಅಲ್ಲಾವಾ ಅತ್ತಿತ್ತ ನೋಡಿದನು. "ಯಾವುದನ್ನ ಅಗೀಲಿ?"

"ನಿನ್ನ ಹಿತ್ತಿಲಲ್ಲಿ ಯಾವುದನ್ನ ಮೊದಲು ಕಿತ್ತು ಬಿಸಾಕ್ತಿದ್ದೆ?"

ಅವನು ಗೇಣುದ್ದ ಮೀರಿ ದಷ್ಟಪುಷ್ಟವಾಗಿ ಎದ್ದಿದ್ದ ಒಂದು ಚಿಗುರನ್ನು ತೋರಿಸಿದನು.

"ಅದೇ. ನಿನ್ನ ಕಣ್ಣು ಸರಿಯಾಗೇ ಇದೆ ನೋಡು. ಕಿವಿಯೊಂದು ಕೆಟ್ಟಿರೋದು."

ಎಲೆಯಿರುವ ಕಾಲದಲ್ಲಿ ಗಿಡ ಎತ್ತುವುದು ತರವಲ್ಲ, ಅದಕ್ಕೆ ಚಳಿಗಾಲವೇ ಹೊತ್ತು. ಆದರೆ ಮದುವೆ ಕಾಯುವುದಿಲ್ಲವಲ್ಲ. ತೂನೆಸ್ ಹಿಂದಿನ ಸಂಜೆಯ ನೀರಿನಿಂದ ತೊಯ್ದಿದ್ದ ಕಡೆಯೇ ದೊಡ್ಡ ಹೆಂಟೆ ಬಿಡಿಸಿದಳು. ತಾಯಿಬೇರಿನ ಕೊಂಡಿಯನ್ನು ಸಲಿಕೆಯಿಂದ ಒಂದೇ ಏಟಿಗೆ ಕಡಿಸಿದಳು. ಮಣ್ಣು ಉದುರದಂತೆ ಒದ್ದೆ ಗೋಣಿಯಲ್ಲಿ ಸುತ್ತಿಸಿದಳು. ತುದಿಯನ್ನು ಅರ್ಧಕ್ಕೆ ಇಳಿಸಬೇಕಾದಾಗ ಮಾತ್ರ ಕತ್ತರಿಗೆ ಅಪ್ಪಣೆಯಾಯಿತು. "ಆ ಚಿಗುರುಗಣ್ಣಿನ ಮೇಲೆ. ಸ್ವಲ್ಪ ಓರೆಗೆ. ಸಾಕು, ಕೈ ತೆಗಿ!" ಮೂರು ವರ್ಷಗಳಲ್ಲಿ ಆ ಕತ್ತರಿ ಹಾಕಿದ ಒಂದೇ ಒಂದು ಒಳ್ಳೆಯ ಗಾಯ ಅದು.

ಗೋಣಿಯ ಗಂಟನ್ನು ತೂನೆಸ್ ಶಾಫಿಯಾಳ ಕೈಗಿಟ್ಟಳು. "ಹದಿನೈದು ದಿನ ನೆರಳಲ್ಲಿಡು. ಒಣಗಿದ ಹಾಗೆ ಕಂಡ್ರೂ ಹೆದರಬೇಡ, ಬುಡದಿಂದ ಬರುತ್ತೆ. ಬಂದಾಗ ನಿಮ್ಮಪ್ಪನ್ನ ಒಂದು ತಿಂಗಳು ಮನೆಗೆ ಸೇರಿಸಬೇಡ." ಹೋಗುವಾಗ ಒಂದು ಸೀಸೆ ಪನ್ನೀರನ್ನೂ ಕೊಟ್ಟಳು.

"ಅಕ್ಕಾ, ನಮ್ಮ ಮನೆಗೊಂದು ಮರಿ..." ಎಂದನು ಅಲ್ಲಾವಾ.

"ಚಳಿಗಾಲಕ್ಕೆ ಘನಿಯಾನ ಕಳಿಸು. ಒಬ್ಬಳನ್ನೇ."

ದಿಬ್ಬಣದ ದಿನ ಶಾಫಿಯಾ ಬಿಳಿ ರೇಷ್ಮೆಯ ಮಡಿಲಲ್ಲಿ, ಎಣ್ಣೆ ಡಬ್ಬಿಯೊಳಗೆ ನೆಟ್ಟ ಮುಳ್ಳಿನ ಮೋಟನ್ನು ಇಟ್ಟುಕೊಂಡೇ ಕಾರು ಹತ್ತಿದಳು. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಜೂನ್ ಕೊನೆಗೆ ಬುಡದಿಂದ ಎರಡು ಕೆಂಚು ಚಿಗುರು ಎದ್ದವೆಂಬ ಸುದ್ದಿ ಬಂತು. ಲಲ್ಲಾ ಘನಿಯಾ ಚಳಿಗಾಲದಲ್ಲಿ ಒಬ್ಬಳೇ ಹಮ್ಮಾಕ್ಕೆ ಹೋಗಿ ಬಂದು, ತೊಟ್ಟಿಯ ಪಕ್ಕ ಹಳೆಯ ಮಣ್ಣು ತೆಗೆಸಿ ಹೊಸ ಮಣ್ಣಿನಲ್ಲಿ ಮರಿಯನ್ನು ನೆಟ್ಟಳು. ಸುತ್ತಲೂ ಸೊಂಟದೆತ್ತರ ಕಲ್ಲು ಪೇರಿಸಿದಳು. ಮೇಕೆಗಳಿಗೆಂದು ನೋಡಿದವರು ತಿಳಿಯುತ್ತಾರೆ. ನಮ್ಮ ಬೀದಿಯಲ್ಲಿ ಮೇಕೆಗಳಿಲ್ಲ.

ಈ ಪಾಠದಿಂದ ಸಿ ಅಲ್ಲಾವಾ ವಿನೀತನಾದನೆಂದು ಯಾರಾದರೂ ಊಹಿಸಿದರೆ ಅವರು ಅವನನ್ನು ಕಂಡವರಲ್ಲ. ಹಮ್ಮಾದಿಂದ ಮರಳಿದ ಶುಕ್ರವಾರವೇ ಮಸೀದಿಯ ಅಂಗಳದಲ್ಲಿ ಅವನ ಹೊಸ ಉಪದೇಶ ಮೊದಲಾಯಿತು: "ಬುಡಚಿಗುರನ್ನ ಯಾವತ್ತೂ, ಯಾವತ್ತೂ ಕೀಳಬಾರದು! ಅದೇ ಗಿಡದ ಪ್ರಾಣ. ಕೀಳೋರು ಅಜ್ಞಾನಿಗಳು." ಲಯಾಶಿ ಅಂದು ಅಲ್ಲೇ ಇದ್ದನು. "ಹೌದು ಸಿ ಅಲ್ಲಾವಾ, ಸ್ವಂತ ಬೇರಿನ ಗಿಡಕ್ಕೆ. ಆದರೆ ಕಸಿ ಗಿಡಕ್ಕೆ ಮಾತ್ರ..." ಎಂದು ಬಾಯಿ ತೆರೆದನು. "ಗೊತ್ತಾಯ್ತು, ಗೊತ್ತಾಯ್ತು!" ಎಂದು ನಮ್ಮ ಪಂಡಿತನು ಅವನ ಭುಜ ತಟ್ಟಿ ಚಪ್ಪಲಿ ಮೆಟ್ಟಿಕೊಂಡನು.

ಈಗ ಅವನ ಹಿತ್ತಿಲಿಗೆ ಹೋದರೆ ಹನ್ನೆರಡು ದೊರೆಸಾನಿಯರ ಸುಳಿವೂ ಕಾಣುವುದಿಲ್ಲ. ಕಸಿಯ ಗಂಟಿನ ಕೆಳಗಿಂದೆದ್ದ ಕಾಡುಗುಲಾಬಿ ಅವರನ್ನು ನುಂಗಿ, ಗೋಡೆ ಹತ್ತಿ, ಲಲ್ಲಾ ಬಾಹಿಯಾಳ ಬಟ್ಟೆ ಹಗ್ಗದವರೆಗೆ ಚಾಚಿದೆ. ಐದೆಸಳಿನ ಬಿಳಿಯ ಹೂವು, ಎರಡು ದಿನ ಇರುತ್ತದೆ. ಅದು ಅಪರೂಪದ ಜಾತಿಯೆಂದೂ, ಫ್ರೆಂಚರು ಅದರ ರಹಸ್ಯವನ್ನು ಬಚ್ಚಿಟ್ಟಿದ್ದರೆಂದೂ ಅವನು ಬಂದವರಿಗೆ ವಿವರಿಸುತ್ತಾನೆ. ಕತ್ತರಿ ಒರೆಯಲ್ಲಿ ತುಕ್ಕು ಹಿಡಿಯುತ್ತಿದೆ. ಬೀದಿಯ ಮಲ್ಲಿಗೆಗಳು ಹೂಬಿಟ್ಟಿವೆ.

ಪರಮದಯಾಳುವಾದ ದೇವನು ಅಲ್ಲಾವಾ ಬೂದ್ರಾನಿಗೆ ದೀರ್ಘಾಯುಷ್ಯವನ್ನೂ, ಇನ್ನೊಬ್ಬರ ಮಾತು ಕೊನೆಮುಟ್ಟುವ ತನಕ ತೆರೆದಿರುವ ಎರಡು ಕಿವಿಗಳನ್ನೂ ಕರುಣಿಸಲಿ. ಅವನ ಕತ್ತರಿಯ ತುಕ್ಕನ್ನು ವರ್ಷವರ್ಷಕ್ಕೆ ವೃದ್ಧಿಗೊಳಿಸಲಿ. ಲಲ್ಲಾ ಘನಿಯಾಳ ಕಲ್ಲಿನ ಆವರಣ ಕುಸಿಯದಿರಲಿ, ಆಕೆಯ ಸೌಟು ಹಗುರಾಗದಿರಲಿ. ತೂನೆಸಳ ಬೇಲಿಗೂ ನಾಲಿಗೆಗೂ ಮುಪ್ಪು ಬಾರದಿರಲಿ. ಶಾಫಿಯಾಳ ಅಂಗಳದಲ್ಲಿ ಆ ಗಿಡ ಬುಡತುಂಬ ಮರಿಗಳನ್ನೆಬ್ಬಿಸಲಿ, ಅವಳ ಹೆಣ್ಣುಮಕ್ಕಳ ಮಡಿಲುಗಳು ಬರಿದಾಗದಿರಲಿ, ತಾಮ್ರದ ಭಟ್ಟಿ ತಾಯಿ ಮಗಳ ಎರಡು ಮನೆಗಳಲ್ಲಿ ಯಾವ ವಸಂತದಲ್ಲೂ ಅಟ್ಟದಲ್ಲೇ ಉಳಿಯದಿರಲಿ. ಆಮೀನ್.